ಹದಿನೈದು ಸಲ ಉಜ್ಜಿದರೆ ಆರು ಪರ್ಸೆಂಟ್

ಡೆಲ್ಮರ್ ಬ್ಯಾಂಕ್ ಖಾತೆ ಆರಿಸಲು ತೆಗೆದುಕೊಂಡಷ್ಟು ಸಮಯವನ್ನು ಹೆಂಡತಿಯನ್ನು ಆರಿಸುವಾಗ ತೆಗೆದುಕೊಂಡಿರಲಿಲ್ಲ. ಎರಡು ವಾರ ಊಟದ ಮೇಜಿನ ತುಂಬ ಅವನ ಕಾಗದಗಳು. ಹೊತ್ತುಹೊತ್ತಿಗೆ ಆರ್ಡಿಸ್ ಅವನ್ನು ಎತ್ತಿಟ್ಟು, ಮೇಜು ಒರೆಸಿ, ಬಡಿಸಿ, ತಟ್ಟೆ ತೆಗೆದು, ಮತ್ತೆ ಅದೇ ಕ್ರಮದಲ್ಲಿ ಹರಡಿಡುತ್ತಿದ್ದಳು. (ಇದಕ್ಕೆ ಅವನು ‘ಇಬ್ಬರೂ ಕೂತು ಯೋಚಿಸಿದೆವು’ ಎನ್ನುತ್ತಿದ್ದ.)

ಕೊನೆಗೊಂದು ದಿನ ತೀರ್ಪು ಹೊರಬಿತ್ತು.

“ಒಂದು ಬ್ಯಾಂಕು ಎರಡು ಪರ್ಸೆಂಟ್ ಬಡ್ಡಿ ಕೊಡುತ್ತೆ, ಷರತ್ತಿಲ್ಲ. ಇನ್ನೊಂದು ಮೂರು. ಆದ್ರೆ ಇದು ನೋಡು, ಆರು! ನಮ್ಮ ಹತ್ತು ಸಾವಿರ ಡಾಲರಿಗೆ ತಿಂಗಳಿಗೆ ಐವತ್ತು. ತಿಂಗಳಲ್ಲಿ ಹದಿನೈದು ಸಲ ಡೆಬಿಟ್ ಕಾರ್ಡ್ ಉಜ್ಜಿದ್ರೆ ಆಯ್ತು. ಒಂದು ಕಮ್ಮಿಯಾದ್ರೂ ಸೊನ್ನೆ.”

“ಯಾರು ಉಜ್ಜೋದು?”

“ನೀನೇ. ಹೇಗೂ ಅಂಗಡಿಗೆ ಹೋಗ್ತೀಯಲ್ಲ.”

ಆರ್ಡಿಸ್ ಒರೆಸುವ ಬಟ್ಟೆ ಕೆಳಗಿಟ್ಟಳು.

“ಶನಿವಾರ ಶನಿವಾರ, ತಿಂಗಳಿಗೆ ನಾಲ್ಕೇ ಸಲ ಹೋಗ್ತೀನಿ. ಎಲ್ಲಾ ಒಂದೇ ಸಲ ತರೋದು ಕಲಿಯೋಕೆ ನನಗೆ ಮೂವತ್ತು ವರ್ಷ ಹಿಡೀತು. ಅದನ್ನೀಗ ಹದಿನೈದು ಮಾಡ್ಬೇಕಾ? ಯೋಜನೆ ನಿಂದು, ಉಜ್ಜೋನೂ ನೀನೇ. ಇನ್ನು ಅಂಗಡಿ ನಿಂದು, ನನ್ನ ಶನಿವಾರ ನನಗಿರಲಿ.”

ಆರು ಪರ್ಸೆಂಟಿನ ಮುಂದೆ ಗಂಡಸಿನ ಮಾನ ಯಾವ ಲೆಕ್ಕ? ಜನವರಿಯಲ್ಲಿ ಡೆಲ್ಮರನ ದಂಡಯಾತ್ರೆ ಶುರುವಾಯಿತು. ಹಾಲು ತಂದ, ಈರುಳ್ಳಿ ಮರೆತ. ಈರುಳ್ಳಿಗೆ ಓಡಿದ, ಸೋಪು ಮರೆತ. ಮರೆವೇ ಬಂಡವಾಳ! ಒಂಬತ್ತನೇ ತಾರೀಖಿಗೇ ಹದಿನೈದು ಮುಗಿಸಿ ವಿಜಯಶಾಲಿಯಾಗಿ ಸೋಫಾ ಏರಿದ.

“ಬ್ಯಾಂಕಿಗೆ ಹದಿನೈದು ಸಾಕು, ಹೊಟ್ಟೆಗೆ ಸಾಲಲ್ಲ,” ಎಂದಳು ಆರ್ಡಿಸ್. “ಮೊಟ್ಟೆ ಮುಗಿದಿದೆ.”

ಮುಂದಿನ ತಿಂಗಳಿಂದ ಅವನು ಜಾಣನಾದ. ಉಜ್ಜುವುದನ್ನು ತಿಂಗಳಿಡೀ ಹಂಚಿದ. ಎರಡೆರಡು ಡಾಲರಿನ ಪೆಟ್ರೋಲು ಹಾಕಿಸಿದ.

“ಏನ್ ಡೆಲ್ಮರ್, ಕಾರಿಗೆ ಹುಷಾರಿಲ್ವಾ? ಚಮಚದಲ್ಲಿ ಕುಡಿಸ್ತಿದ್ದೀಯ!” ಎಂದಳು ಬಂಕಿನ ಯಜಮಾನಿ.

ಅಂಗಡಿಯಲ್ಲಿ ಮೂರು ಬಾಳೆಹಣ್ಣಿಗೆ ಮೂರು ಸಲ ಉಜ್ಜಿದಾಗ ಹಿಂದೆ ಸಾಲಿನಲ್ಲಿ ನಿಂತವರು ಹಲ್ಲು ಕಡಿದರು.

“ಮೊಟ್ಟೆ ಬೆಲೆ ನೋಡಿದ್ದೀಯೇನೇ? ಹಗಲುದರೋಡೆ!” ಎಂದು ಮನೆಗೆ ಬಂದು ಕೂಗಾಡಿದ.

“ಹೌದಾ? ಯಾವಾಗಿಂದ?” ಎಂದಳು ಮೂವತ್ತು ವರ್ಷ ಮೊಟ್ಟೆ ತಂದವಳು.

ಅವಳ ಶನಿವಾರಗಳು ಮಾತ್ರ ಅರಳಿದವು. ತಂಗಿಯೊಡನೆ ಬೌಲಿಂಗ್ ಆಡಿದಳು. ಹತ್ತು ಗಂಟೆಯವರೆಗೆ ನಿದ್ದೆ ಮಾಡಿದಳು. ಒಂದು ಶನಿವಾರವಂತೂ ಬಹಳ ಶ್ರದ್ಧೆಯಿಂದ ಏನನ್ನೂ ಮಾಡದೆ ಕುಳಿತಿದ್ದಳು.

ಡೆಲ್ಮರ್ ತನ್ನ ಪಾಸ್‌ವರ್ಡನ್ನೂ ಮರೆತಿದ್ದರಿಂದ ಬ್ಯಾಂಕಿನ ಲೆಕ್ಕಪತ್ರ ನೋಡುತ್ತಿದ್ದುದು ಆರ್ಡಿಸ್. ಅವನು ತಿಂಗಳ ಕೊನೆಗೆ ಕೇಳುತ್ತಿದ್ದ, “ಬಡ್ಡಿ ಬಂತಾ?”

“ಬಂತು.”

ನವೆಂಬರ್ ಕೊನೆಯ ದಿನ. ಉಜ್ಜಿದ್ದು ಹದಿನಾಲ್ಕೇ! ಹೊರಗೆ ಮೊಣಕಾಲುದ್ದ ಹಿಮ. ಡೆಲ್ಮರ್ ಸಲಿಕೆಯಿಂದ ದಾರಿ ಬಿಡಿಸಿಕೊಂಡು, ಎರಡು ಸಲ ಜಾರಿ ಬಿದ್ದು, ಒಂದು ಚ್ಯೂಯಿಂಗ್ ಗಮ್ ಕೊಂಡ. ಆದರೂ ಜೀವ ತಡೆಯಲಿಲ್ಲ. ಹದಿನೈದನೆಯದು ಲೆಕ್ಕಕ್ಕೆ ಸೇರಿತೇ ಎಂದು ಪಕ್ಕದ ಬ್ಯಾಂಕಿಗೇ ನುಗ್ಗಿದ.

ಕೌಂಟರಿನ ಹುಡುಗಿ ಕನಿಕರದಿಂದ ನೋಡಿದಳು. “ಸರ್, ಆ ಬಡ್ಡಿ ಮಾರ್ಚಲ್ಲೇ ನಿಲ್ಲಿಸಿದ್ವಿ. ಈಗ ಎಷ್ಟು ಉಜ್ಜಿದ್ರೂ ಒಂದೇ, ತಿಂಗಳಿಗೆ ಎಂಟು ಸೆಂಟು. ನಿಮ್ಮನೆಗೆ ಪತ್ರ ಕಳಿಸಿದ್ವಲ್ಲ?”

ಅವನು ಮನೆಗೆ ಬಂದಾಗ ಮೀಸೆಯ ತುಂಬ ಹಿಮ, ಒಳಗೆಲ್ಲ ಬೆಂಕಿ. ಆರ್ಡಿಸ್ ಕಾಲು ಚಾಚಿ ಕಾದಂಬರಿ ಓದುತ್ತಿದ್ದಳು.

“ಎಂಟು ಸೆಂಟು! ಮಾರ್ಚಿಂದ! ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಪ್ರತಿ ತಿಂಗಳೂ ಬಡ್ಡಿ ಬಂತು, ಬಂತು ಅಂದ್ಯಲ್ಲೇ?”

ಆರ್ಡಿಸ್ ಹಾಳೆ ತಿರುವಿದಳು.

“ಬರ್ತಾನೇ ಇತ್ತಲ್ಲ ಡೆಲ್, ವಾರಕ್ಕೊಂದು ಶನಿವಾರ.”