ಬೀಳಗಿಗೆ ಒಂದು ಡಬ್ಬಿ ನೀರು

ನೀರು ಹೇರಳವಾಗಿರುವ ದೇಶ ತನ್ನ ಸಿಹಿನೀರನ್ನು ಹೊರಗೆ ಕಳಿಸಬೇಕೋ ಬೇಡವೋ ಎಂದು ದೊಡ್ಡವರೆಲ್ಲ ತಲೆ ಕೆಡಿಸಿಕೊಂಡಿದ್ದಾರಂತೆ. ನನ್ನನ್ನು ಕೇಳಿದರೆ ಒಂದೇ ಮಾತು: ಬ್ಯಾಡೋ ಯಪ್ಪಾ! ಮೂವತ್ತು ವರ್ಷ ಸಾಲಿಯಲ್ಲಿ ಸಮಾಜ ಪಾಠ ಹೇಳಿದವನು ನಾನು, ಖರೆ. ಆದರೆ ಈ ಅಭಿಪ್ರಾಯ ಪುಸ್ತಕದ್ದಲ್ಲ, ನನ್ನ ಬಲಭುಜದ್ದು.

ಜಮಖಂಡಿಯ ನಮ್ಮ ಹಿತ್ತಲಿನ ಬೋರಿನ ನೀರು ಬಲು ಸಿಹಿ. ಬೀಳಗಿಯಲ್ಲಿರುವ ನನ್ನ ನಾದಿನಿ ಶಾರದಾಳ ಮನೆಯದು ಸವಳು. ಎಷ್ಟು ಕುದಿಸಿದರೂ ತೊಗರಿಬೇಳೆ ಕರಗುವುದಿಲ್ಲ. ನಾನು ನಿವೃತ್ತನಾಗಿ ತಿಂಗಳೂ ಆಗಿರಲಿಲ್ಲ, ಹೆಂಡತಿ ಅಂದಳು: "ರೀ, ಹೆಂಗೂ ಖಾಲಿ ಅದೀರಿ. ಐತವಾರಕ್ಕೊಮ್ಮೆ ಒಂದ್ ಡಬ್ಬಿ ನೀರು ಶಾರಿಗೆ ಮುಟ್ಟಿಸಿ ಬರ್ರಿ. ಅವಸರ ಮಾಡಬ್ಯಾಡ್ರಿ, ಅಲ್ಲೇ ಉಂಡು ಸಂಜಿಗೆ ಬರ್ರಿ." ಎಷ್ಟು ಕಾಳಜಿ ಅಂದುಕೊಂಡೆ. ಡಬ್ಬಿ ಇಪ್ಪತ್ತು ಲೀಟರಿನದು.

"ಏನ್ರಿ ಸರ, ಎಣ್ಣಿ ಐತೇನು?" ಎಂದು ಮೊದಲ ದಿನವೇ ಬಸ್ಸಿನ ಕಂಡಕ್ಟರ್ ಕೇಳಿದ.

"ನೀರಪಾ."

"ಬೀಳಗಿಗೆ ನೀರು ಒಯ್ಯಾಕತ್ತೀರಿ? ಕೃಷ್ಣಾ ಹಿನ್ನೀರು ಅವರ ಬಾಗಿಲಿಗೇ ಬಂದು ನಿಂತೈತಲ್ರೀ!"

ಬಸ್ಸೆಲ್ಲ ನಕ್ಕಿತು. ಹಿನ್ನೀರು ಬೇರೆ, ಬೇಳೆ ಕುದಿಯುವ ನೀರು ಬೇರೆ ಎಂದು ವಿವರಿಸತೊಡಗಿದೆ. ಪಕ್ಕದವರು ಕಣ್ಣು ಮುಚ್ಚಿಕೊಂಡರು. ನನ್ನ ವಿವರಣೆಗೆ ಹೀಗಾಗುವುದು ಹೊಸದಲ್ಲ. ಮನೆಯಲ್ಲಾದರೆ ಒಗ್ಗರಣೆಗೆ ಸಾಸಿವೆ ಯಾವಾಗ ಹಾಕಬೇಕು, ಕಸ ಯಾವ ಮೂಲೆಯಿಂದ ಗುಡಿಸಬೇಕು ಎಂದು ದಿನವಿಡೀ ತಿಳಿಸಿ ಹೇಳುತ್ತಿರುತ್ತೇನೆ. ಹೆಂಡತಿ ಪಾಪ, ತುಟಿ ಪಿಟಕ್ಕೆನ್ನದೆ ಕೇಳುತ್ತಾಳೆ.

ವರ್ಷವಾಗುವಷ್ಟರಲ್ಲಿ ಭುಜ ಕೈಕೊಟ್ಟಿತು. ಅಂಗಿ ತೊಡಲೂ ಒದ್ದಾಟ. ಭಾರ ಎತ್ತಲೇಬಾರದು ಎಂದರು ಡಾಕ್ಟರು. ಹೋದ ಐತವಾರ, ಇದೇ ಕಡೆ ಸಲ, ಹೇಳಿಯೇಬಿಡಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಬೀಳಗಿಗೆ ಹೋದೆ. ಕೈಕಾಲು ತೊಳೆಯಲು ಹಿತ್ತಲಿಗೆ ಬಂದರೆ, ಹಿಂದಿನ ವಾರ ನಾನು ಹೊತ್ತು ತಂದಿಟ್ಟ ಡಬ್ಬಿಯ ನೀರನ್ನು ನಾದಿನಿ ಕರಿಬೇವಿನ ಗಿಡಕ್ಕೆ ಸುರಿಯುತ್ತಿದ್ದಾಳೆ!

"ಏನವಾ ಶಾರೀ ಇದು?"

ಆಕೆ ನಾಲಿಗೆ ಕಚ್ಚಿಕೊಂಡಳು. "ಸಿಟ್ಟಾಗಬ್ಯಾಡ್ರಿ ಮಾಮಾರ. ಫಿಲ್ಟರ್ ಮಷಿನ್ ಹಾಕ್ಸಿ ಆರು ತಿಂಗಳಾತ್ರಿ."

"ಹೇಳಬಾರದಾ? ನನ್ನ ಭುಜ ಹೋತಲ್ಲ!"

"ಅಕ್ಕಗ ಅವತ್ತೇ ಹೇಳೀನ್ರಿ. ಆಕೀನ, 'ಅವರಿಗೆ ಹೇಳಬ್ಯಾಡ, ವಾರದಾಗ ಒಂದಿನರೆ ಮನಿ ತಣ್ಣಗಿರ್ಲಿ' ಅಂದ್ಲು."

ಅಂದರೆ ಇಷ್ಟು ದಿನ ರಫ್ತಾದ ಸರಕು ನಾನೇ! ಸಿಟ್ಟು ನೆತ್ತಿಗೇರಿತು. ಊಟವನ್ನೂ ಮಾಡದೆ, ಮನೆ ಮುಟ್ಟಿದೊಡನೆ ಹೆಂಡತಿಯನ್ನು ಜಾಡಿಸಬೇಕೆಂದು ಮಧ್ಯಾಹ್ನದ ಬಸ್ಸಿಗೇ ಹೊರಟುಬಂದೆ. ಅಂಗಳಕ್ಕೆ ಕಾಲಿಡುವಾಗ ಒಳಗೆ ಹೆಂಡತಿ ನೆರೆಮನೆಯಾಕೆಯೊಡನೆ ಗಹಗಹಿಸಿ ನಗುವುದು ಕೇಳಿಸಿತು. ನಾನು ಮನೆಯಲ್ಲಿದ್ದಾಗ ಆಕೆ ಹಾಗೆ ನಕ್ಕದ್ದು ನೆನಪಿಗೆ ಬರಲಿಲ್ಲ. ನಾಚಿಕೆಯಾಯಿತು. ಸದ್ದು ಮಾಡದೆ ಹಿಂದೆ ಸರಿದು, ಸಂಜೆಯವರೆಗೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಬರಿ ಡಬ್ಬಿ ಇಟ್ಟುಕೊಂಡು ಕೂತೆ.

ಇವತ್ತು ಮತ್ತೆ ಐತವಾರ. "ಭುಜ ಭಾಳ ನೋಯ್ತೈತಿ" ಎಂದೆ, ಅಷ್ಟೇ.

"ಅಯ್ಯ, ಗೊತ್ತಿಲ್ಲೇನ್ರಿ ನನಗ?" ಎಂದಳು. "ಈ ಸಲ ಅರ್ಧಾನ ತುಂಬೇನಿ, ಆರಾಮ ಹೋಗಿ ಬರ್ರಿ."