ಸಕೀನಕ್ಕನ ಹುಂಜ

ಫಿಕ್ರಿ ಕಾಲಿಗೆ ಬೂಟು ಹಾಕಿದ್ದೇ ತಪ್ಪಾಯಿತು. ಅವನ ದ್ವೀಪದಲ್ಲಿ ಬೂಟು ಹಾಕುವವರು ಇಬ್ಬರೇ: ಮದುಮಗ, ಇಲ್ಲವೇ ರಾಜಧಾನಿ ಮಾಲೆಗೆ ಹೊರಟವನು. ಫಿಕ್ರಿಯ ಮದುವೆಯಂತೂ ಹೋದ ವರ್ಷವೇ ಮುಗಿದಿತ್ತು.

ಮಾಲೆಗೆ ಹೊರಟವನ ಪಾಡು ಕೇಳಬೇಕೇ? ಇಡೀ ಊರಿನ ಗಂಟುಮೂಟೆ ಅವನ ಹೆಗಲಿಗೆ. ಅದಕ್ಕೇ ಫಿಕ್ರಿ ಯಾರಿಗೂ ಹೇಳಿರಲಿಲ್ಲ. ಹೆರಿಗೆಯಾಗಿ ಮಾಲೆಯ ಆಸ್ಪತ್ರೆಯಲ್ಲಿದ್ದ ಹೆಂಡತಿ ನಜ್ವಾಗೂ ಹೇಳಿರಲಿಲ್ಲ. ಅವಳಿಂದ ಅವಳಮ್ಮನಿಗೆ, ಅಮ್ಮನಿಂದ ಊರಿಗೆ ಸುದ್ದಿ ಬರಲು ಎಷ್ಟು ಹೊತ್ತು ಬೇಕು? ಚೊಚ್ಚಲ ಮಗಳ ಮುಖವನ್ನು ಅವನಿನ್ನೂ ಫೋನಿನಲ್ಲಷ್ಟೇ ನೋಡಿದ್ದ. ಇವತ್ತು ಹೇಗಾದರೂ ಅವಳನ್ನು ಎತ್ತಿಕೊಳ್ಳಲೇಬೇಕು ಅಂತ ಜೀವ ತುಡಿಯುತ್ತಿತ್ತು.

ಗೋಡೆಯಾಚೆಯಿಂದ ಪಕ್ಕದ ಮನೆ ಸಕೀನಕ್ಕ ಇಣುಕಿದಳು. "ಏನೋ, ಬೂಟು! ಹೆಂಡ್ತೀನ ನೋಡೋಕೆ ಹೊರಟ್ಯಾ?"

ಹೌದೆಂದರೆ ಬಾಣಂತಿಗೆಂದು ಊರೆಲ್ಲ ಗಂಟು ಕಟ್ಟುತ್ತದೆ. ಫಿಕ್ರಿ ಬುರುಡೆ ಬಿಟ್ಟ. "ಇಲ್ಲಕ್ಕಾ, ದೋಣಿ ಇಂಜಿನ್ನಿಗೆ ಸಾಮಾನು ತರ್ಬೇಕು. ಆಸ್ಪತ್ರೆಗೆಲ್ಲ ಹೋಗೋಕೆ ಪುರುಸೊತ್ತಿಲ್ಲ."

"ಇಂಜಿನ್ನಾ?" ಸಕೀನಕ್ಕ ಹುಬ್ಬು ಗಂಟಿಕ್ಕಿ ಒಳಗೆ ಹೋದಳು. ಬರುವಾಗ ಕೈಯಲ್ಲೊಂದು ಬುಟ್ಟಿ, ಬುಟ್ಟಿಯಲ್ಲೊಂದು ಹುಂಜ. "ಹಾಗಾದ್ರೆ ಇದನ್ನ ಮಾಲೆ ಪಕ್ಕದ ವಿಲಿಂಗಿಲಿಯಲ್ಲಿರೋ ನನ್ನ ತಂಗಿ ಮಗಳು ಶಿಫಾಗೆ ಕೊಡು. ಇವತ್ತೇ ತಲುಪ್ಬೇಕು!"

ದೋಣಿ ಹತ್ತುವ ಧಕ್ಕೆ ಮುಟ್ಟುವಷ್ಟರಲ್ಲಿ ಒಂದು ಬಾಟಲಿ ಮೀನಿನ ಗೊಜ್ಜು, ಒಂದು ಚೀಲ ದೀವಿಹಲಸೂ ಸೇರಿಕೊಂಡವು. ಇನ್ನು ಫೋನಿನಲ್ಲೂ ಬೇಡಿಕೆ ಶುರುವಾದೀತೆಂದು ಫಿಕ್ರಿ ಫೋನನ್ನೇ ಆಫ್ ಮಾಡಿ ಜೇಬಿಗಿಳಿಸಿದ.

ಮಾಲೆಯಲ್ಲಿಳಿದವನು ಸೀದಾ ಆಸ್ಪತ್ರೆಗೆ ಓಡಿದ. ಬಾಗಿಲಲ್ಲಿ ಕಾವಲುಗಾರ ತಡೆದ. "ಹುಂಜ ರೋಗೀನೋ, ರೋಗಿ ಕಡೆಯವರೋ?"

"ಒಂದೇ ನಿಮಿಷ ಅಣ್ಣಾ, ಮಗು ನೋಡಿ ಬಂದ್ಬಿಡ್ತೀನಿ."

"ಮೊದ್ಲು ಇದನ್ನೆಲ್ಲ ಎಲ್ಲಾದ್ರೂ ಸಾಗಹಾಕಿ ಬಾರಪ್ಪ."

ಸಾಗಹಾಕುವುದು ಅಷ್ಟು ಸುಲಭವೇ? ಗೊಜ್ಜಿನ ಮನೆಯವರು ಚಹಾ ಕುಡಿಸದೆ ಬಿಡಲಿಲ್ಲ. ದೀವಿಹಲಸಿನ ಮನೆಯವರು "ಊರಿಂದ ಬಂದೋನು ಹಸ್ಕೊಂಡು ಹೋದ್ರೆ ನಮ್ಮ ಮರ್ಯಾದೆ ಏನಾಗ್ಬೇಕು?" ಎಂದು ಊಟಕ್ಕೇ ಕೂರಿಸಿದರು. ಅಲ್ಲಿಂದ ದೋಣಿಯಲ್ಲಿ ವಿಲಿಂಗಿಲಿಗೆ ಹೋದರೆ ಶಿಫಾಳ ಮನೆಗೆ ಬೀಗ. ಪಕ್ಕದವರೆಂದರು: "ಅಯ್ಯೋ, ಅವರು ಹುಲುಮಾಲೆಗೆ ಮನೆ ಬದಲಾಯಿಸಿದ್ರಲ್ಲ!"

ಮತ್ತೆ ದೋಣಿ, ಮತ್ತೆ ಮಾಲೆ, ಅಲ್ಲಿಂದ ಸೇತುವೆ ದಾಟುವ ಬಸ್ಸು. ಸೇತುವೆಯ ನಟ್ಟನಡುವೆ ಹುಂಜ ಬುಟ್ಟಿಯಿಂದ ಹಾರಿ ಡ್ರೈವರನ ಪಕ್ಕ ಕೂತು ಕೂಗಿತು. ಬಸ್ಸೆಲ್ಲ ನಕ್ಕಿತು. ಹೊಸ ಬೂಟು ಕಚ್ಚಿ ಕುಂಟುತ್ತಿದ್ದ ಫಿಕ್ರಿಗೆ ಮಾತ್ರ ಅಳು ಬರುವ ಹಾಗಿತ್ತು.

ಬಾಗಿಲು ತೆಗೆದ ಶಿಫಾ ಏನೋ ಹೇಳಹೊರಟಳು. ಇನ್ನೊಂದು ಚಹಾ ಗ್ಯಾರಂಟಿ ಎಂದು ಹೆದರಿದ ಫಿಕ್ರಿ ಬುಟ್ಟಿ ಇಟ್ಟವನೇ ಕಾಲ್ಕಿತ್ತ.

ಊರಿನ ದೋಣಿ ತಪ್ಪಿಹೋಗಿತ್ತು. ಹೋಗಲಿ, ಮಗಳಾದರೂ ಸಿಗುತ್ತಾಳಲ್ಲ! ಮಾಲೆಗೆ ಮರಳಿ, ಏದುಸಿರು ಬಿಡುತ್ತ ಆಸ್ಪತ್ರೆಯ ವಾರ್ಡಿಗೆ ನುಗ್ಗಿದ. ನರ್ಸು ಮೇಲಿಂದ ಕೆಳಗೆ ನೋಡಿದಳು.

"ನಜ್ವಾನಾ? ಮಧ್ಯಾಹ್ನವೇ ಮನೆಗೆ ಕಳಿಸಿದ್ವಲ್ಲ. ಪಾಪ, ಗಂಡನಿಗೆ ಫೋನ್ ಮಾಡಿ ಮಾಡಿ ಸಾಕಾಯ್ತು. ಯಾವುದೋ ಲಾಂಚು ಸಿಕ್ತು ಅಂತ ಅಮ್ಮನ ಜೊತೆ ಊರಿಗೆ ಹೋದ್ರು."

ಫಿಕ್ರಿ ಫೋನು ಆನ್ ಮಾಡಿ ಹೆಂಡತಿಗೆ ಹಚ್ಚಿದ.

"ಸಿಕ್ತಾ ಇಂಜಿನ್ ಸಾಮಾನು?" ಎಂದಳು ನಜ್ವಾ. "ಇಲ್ಲಿ ಊರಿಗೆ ಊರೇ ಮಗಳನ್ನ ಎತ್ತಾಡಿಸ್ತಿದೆ. ಅಪ್ಪನಿಗೆ ಮಾತ್ರ ಪುರುಸೊತ್ತಿಲ್ಲ!"

"ನಜ್ವಾ, ನಾನು ನಿಮ್ಮನ್ನ ನೋಡೋಕೇ ಬಂದಿದ್ದು ಕಣೇ!"

"ಸುಳ್ಳು ಬೇರೆ!"

ಫೋನು ಸಕೀನಕ್ಕನ ಕೈಗೆ ಹೋಯಿತು. "ಹುಂಜ ಕೊಟ್ಯೇನೋ?"

"ಕೊಟ್ಟೆ ಅಕ್ಕಾ."

"ಥೂ, ಎಲ್ಲಾ ಕೆಟ್ಟೋಯ್ತು! ನೀನಂತೂ ಆಸ್ಪತ್ರೆ ಕಡೆ ಹೋಗಲ್ಲ ಅಂದೆ. ನಜ್ವಾಗೆ ಸಾರು ಮಾಡಿ ಕೊಟ್ಬರ್ಲಿ ಅಂತ ಶಿಫಾಗೆ ಕಳಿಸಿದ್ದೆ. ಬಾಣಂತಿ ಇಲ್ಲೇ ಬಂದ್ಮೇಲೆ ಹುಂಜಕ್ಕೆ ಅಲ್ಲೇನು ಕೆಲ್ಸ? ನಾಳೆ ಹೇಗೂ ಶುಕ್ರವಾರ, ದೋಣಿ ಇಲ್ಲ. ಇಸ್ಕೊಂಡು ಶನಿವಾರ ಬಾ!"

ಫೋನಿನಾಚೆ ಮಗಳು ಕಿರ್ರೆಂದು ಅತ್ತಳು. ಫಿಕ್ರಿ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಹೋಗಿ ಹುಲುಮಾಲೆಯ ಬಸ್ಸು ಹತ್ತಿದ.

ಡ್ರೈವರು ಅವನೇ. "ಏನಣ್ಣಾ, ಈ ಸಲ ಒಬ್ರೇನಾ?"

"ಬರ್ತಾ ಅವನೂ ಇರ್ತಾನೆ," ಎಂದ ಫಿಕ್ರಿ.