ಹದಿಮೂರು ನಿಮಿಷದ ಪಾಸ್ತಾ

“ಐವತ್ತೆಂಟು ಕಿಲೋಮೀಟರು, ಏಳು ಗುಡ್ಡ. ದಾರೀಲಿ ಮೂರು ಕಾರಿಗಿಂತ ಒಂದು ಹೆಚ್ಚಿಗೆ ಸಿಕ್ಕಿದ್ರೂ ನನ್ನ ಹೆಸರು ಬದಲಾಯಿಸಿಬಿಡಿ,” ಎಂದು ದೊರಿಯಾನೊ ಊಟದ ಮೇಜು ಕುಟ್ಟಿದ. ಕುಟ್ಟಿದ ರಭಸಕ್ಕೆ ಚೀಸ್ ತುರಿದಿಟ್ಟಿದ್ದ ಬಟ್ಟಲು ಮಗುಚಿತು. ಅದನ್ನು ಬಳಿದು ತೆಗೆಯುವ ಕೆಲಸ ಹೆಂಡತಿ ನಾಜರೆನಾಳ ಪಾಲಿಗೆ ಬಂತು.

ದೊರಿಯಾನೊ ಸಾಮಾನ್ಯ ಸೈಕಲ್ ಸವಾರನಲ್ಲ. ಮೂವತ್ತೈದು ವರ್ಷ ರಸ್ತೆ ಇಲಾಖೆಯಲ್ಲಿ ಸರ್ವೇಯರ್ ಆಗಿದ್ದು ನಿವೃತ್ತನಾದವನು. ಇಟಲಿಯ ಮಾರ್ಕೆ ಸೀಮೆಯ ಗುಡ್ಡಗಳಲ್ಲಿ ಯಾವ ರಸ್ತೆ ಎಲ್ಲಿ ತಿರುಗುತ್ತದೆ, ಯಾವ ಏರು ಎಷ್ಟು ಕಡಿದು, ಯಾವ ಮನೆಯ ನಾಯಿ ಬರೀ ಬೊಗಳುತ್ತದೆ, ಯಾವುದು ಕಾಲಿಗೇ ಬರುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಕಾರುಗಳು ಓಡಾಡದ ರಸ್ತೆಗಳನ್ನು ಹುಡುಕಿ ಹುಡುಕಿ, ಒಂದಕ್ಕೊಂದು ಜೋಡಿಸಿ, ತನ್ನದೇ ಒಂದು ದಾರಿ ಮಾಡಿಕೊಂಡಿದ್ದ. ಆ ದಾರಿಯ ಬಗ್ಗೆ ಅವನು ಮಾತಾಡುವಾಗ ಹತ್ತಿರದಲ್ಲಿದ್ದವರು ಮೆಲ್ಲಗೆ ಎದ್ದು ಹೋಗುತ್ತಿದ್ದರು.

ಎದ್ದು ಹೋಗದೆ ಕೂತಿದ್ದವನು ಎಲ್ವಿಯೊ ಒಬ್ಬನೇ. ನಾಜರೆನಾಳ ಅಣ್ಣ, ಅಂಕೋನಾ ಬಂದರಿನಲ್ಲಿ ದುಡಿದು ನಿವೃತ್ತನಾದವನು, ನೂರಾ ನಾಲ್ಕು ಕಿಲೋ ಆಸಾಮಿ. ಈ ವಸಂತದಲ್ಲಿ ಬ್ಯಾಟರಿ ಸೈಕಲ್ ಕೊಂಡಿದ್ದ.

“ಭಾವ, ಈ ಕಾಲದಲ್ಲಿ ಖಾಲಿ ರಸ್ತೆ ಎಲ್ಲಿದೆ?” ಎಂದ ಎಲ್ವಿಯೊ. “ಜನ ಊಟಕ್ಕೆ ಕೂತ ಹೊತ್ತಲ್ಲಿ ನೀನು ಹೊರಗಿರ್ತೀಯ. ಅದಕ್ಕೇ ನಿನಗೆ ಖಾಲಿ ಕಾಣುತ್ತೆ.”

“ಒಂದು ಗಂಟೆಗೆ ನಾನೂ ಮನೆ ಸೇರಿರ್ತೀನಿ ಕಣಯ್ಯ. ಮುಂದಿನ ಭಾನುವಾರ ಜೊತೇಲಿ ಬಾ. ಮೂರಕ್ಕಿಂತ ಹೆಚ್ಚು ಕಾರು ಸಿಗಬಾರದು. ಮನೆಗೆ ಬಂದಾಗ ಪಾಸ್ತಾ ಹದವಾಗಿ ತಟ್ಟೇಲಿರಬೇಕು. ಎರಡರಲ್ಲಿ ಒಂದು ತಪ್ಪಿದ್ರೂ ನಾನು ಸೋತೆ.”

“ಸೋತ್ರೆ?”

“ನೀನೇ ಹೇಳು.”

“ಈ ಬೇಸಿಗೆ ಪೂರ್ತಿ ನನ್ನ ಬ್ಯಾಟರಿ ಸೈಕಲ್ಲಲ್ಲಿ ಓಡಾಡಬೇಕು. ಹಗಲು ಹೊತ್ತಲ್ಲಿ. ಬಾರ್ ಮುಂದೆ.”

ಬ್ಯಾಟರಿ ಸೈಕಲ್ ಏರುವುದೆಂದರೆ ದೊರಿಯಾನೊನ ಮಟ್ಟಿಗೆ ಪಲ್ಲಕ್ಕಿಯಲ್ಲಿ ಕೂತು ಓಟದ ಸ್ಪರ್ಧೆಗೆ ಹೋದಂತೆ. ಆದರೂ ಕೈಚಾಚಿದ. ಭಾವಂದಿರು ಕೈಕುಲುಕಿದರು.

“ಪಂದ್ಯ ಕಟ್ಟೋರು ನೀವು, ಬೇಯಿಸೋಳು ನಾನು,” ಎಂದಳು ನಾಜರೆನಾ.

“ನೀನೇನೂ ಯೋಚನೆ ಮಾಡಬೇಡ. ಲೆಕ್ಕ ಎಲ್ಲ ನಂದು,” ಎಂದ ದೊರಿಯಾನೊ.

ಆ ಲೆಕ್ಕದ ವಿಚಾರ ಸ್ವಲ್ಪ ಹೇಳಲೇಬೇಕು. ಆ ಗುಡ್ಡಗಳ ಸೈಕಲ್ ಗಂಡಸರೆಲ್ಲ ಭಾನುವಾರ ಕೊನೆಯ ಗುಡ್ಡದಿಂದ ಮನೆಗೆ ಫೋನ್ ಮಾಡಿ, ‘ಪಾಸ್ತಾ ಹಾಕು’ ಅನ್ನುತ್ತಾರೆ. ಹೆಂಡತಿ ಕುದಿಯುವ ನೀರಿಗೆ ಪಾಸ್ತಾ ಸುರಿಯುತ್ತಾಳೆ. ಗಂಡ ಬರುವಷ್ಟರಲ್ಲಿ ಅದು ಬೆಂದಿರಬೇಕು. ಉಳಿದವರದೆಲ್ಲ ಅಂದಾಜು. ದೊರಿಯಾನೊನದು ವಿಜ್ಞಾನ. ಕೊನೆಯ ಗುಡ್ಡದ ಮೇಲಿರುವ, ಯೇಸುವಿನ ತಾಯಿ ಮರಿಯಮ್ಮನ ಗುಡಿಯಿಂದ ಇಳಿಜಾರು ಐದು ನಿಮಿಷ, ಹೊಳೆಯ ಪಕ್ಕ ಮೂರು, ಊರ ಕೋಟೆಗೋಡೆಯ ಏರು ನಾಲ್ಕು, ಸೈಕಲ್ ಒಳಗಿಟ್ಟು ಬೂಟು ಬಿಚ್ಚಲು ಒಂದು. ಒಟ್ಟು ಹದಿಮೂರು. ಅವರ ಮನೆಯ ಪಾಸ್ತಾ ಬೇಯಲು ಬೇಕಾಗುವುದೂ ಹದಿಮೂರು ನಿಮಿಷ. ಈ ಲೆಕ್ಕವನ್ನು ಅವನು ಅಚ್ಚುಕಟ್ಟಾಗಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ. ಹತ್ತೊಂಬತ್ತು ವರ್ಷದಲ್ಲಿ ಒಂದು ಭಾನುವಾರವೂ ಪಾಸ್ತಾ ಹದ ತಪ್ಪಿರಲಿಲ್ಲ. ಮುದ್ದೆಯಾದ ಪಾಸ್ತಾ ತಿಂದ ಮನೆಯ ಸುದ್ದಿ ಆ ಊರಲ್ಲಿ ಸಂಜೆಯೊಳಗೆ ಬಾರ್ ತಲುಪುತ್ತದೆ. ದೊರಿಯಾನೊನ ಮನೆಯಿಂದ ಅಂಥ ಸುದ್ದಿ ಹೋಗಿಯೇ ಇರಲಿಲ್ಲ. ಅವನ ಜೀವನದಲ್ಲಿ ಪಿಂಚಣಿಗಿಂತ ದೊಡ್ಡ ಸಂಪಾದನೆ ಅದು.

ಜೂನ್ ಕೊನೆಯ ಭಾನುವಾರ ಇಬ್ಬರೂ ಹೊರಟರು. ಗೋಧಿ ಮಾಗಿ ನಿಂತಿತ್ತು. ಮೊದಲ ಗುಡ್ಡದಲ್ಲಿ ಕಾರಿಲ್ಲ. ಎರಡನೆಯದರಲ್ಲಿ ಇಲ್ಲ. ಮೂರನೆಯದರಲ್ಲಿ ಮುದುಕನೊಬ್ಬ ಮೂರು ಗಾಲಿಯ ಗೂಡ್ಸ್ ಗಾಡಿಯಲ್ಲಿ ಕೋಳಿಗಳನ್ನು ತುಂಬಿಕೊಂಡು ಬಂದ.

“ಒಂದು,” ಎಂದ ಎಲ್ವಿಯೊ.

“ಅದು ಕಾರಲ್ಲ. ಗಾಲಿ ಎಣಿಸು.”

“ಇಂಜಿನ್ ಇದೆಯಲ್ಲ?”

“ನಿನ್ನ ಸೈಕಲ್ಲಿಗೂ ಇದೆ. ಅದನ್ನೂ ಎಣಿಸಲಾ? ನಾಲ್ಕು ಗಾಲಿ, ನಾಲ್ಕು ಸೀಟು, ಆಗ ಮಾತ್ರ ಕಾರು. ಬೇರೆ ಯಾವ ವಾಹನವೂ ಲೆಕ್ಕಕ್ಕಿಲ್ಲ,” ಎಂದು ದೊರಿಯಾನೊ ಅಲ್ಲೇ ಕಾನೂನು ಮಾಡಿದ. ಎಲ್ವಿಯೊ ಒಪ್ಪಿದ. ಅವನಿಗೇನು, ಏರು ಹತ್ತುತ್ತಲೇ ಒಂದು ಕೈಯಲ್ಲಿ ಪೀಚ್ ಹಣ್ಣು ತಿನ್ನುತ್ತಿದ್ದ. ಪಕ್ಕದಲ್ಲಿ ದೊರಿಯಾನೊ ಕಮ್ಮಾರನ ತಿದಿಯಂತೆ ಉಸಿರು ಬಿಡುತ್ತಿದ್ದ.

ಐದನೆಯ ಗುಡ್ಡದಲ್ಲಿ ಪಾದ್ರಿಗಳ ಹಳೇ ಕಾರು ಸಿಕ್ಕಿತು. ಒಂದು. ಅಷ್ಟೇ. ಆಮೇಲೆ ಬರೀ ಗಾಳಿ, ಹಕ್ಕಿ, ಸೂರ್ಯಕಾಂತಿ. ದೊರಿಯಾನೊನ ಎದೆ ಉಬ್ಬಿತು. ಈ ರಸ್ತೆಗಳನ್ನು ಹಾಕಿದವನು ತಾನಲ್ಲ ನಿಜ, ಆದರೆ ಇವುಗಳ ಬೆಲೆ ಗೊತ್ತಿರುವುದು ತನಗೊಬ್ಬನಿಗೇ ಎನಿಸಿತು. ಎಲ್ವಿಯೊ ಕೂಡ ದಾರಿಯುದ್ದಕ್ಕೂ ಹಾಕುತ್ತಿದ್ದ ಶಿಳ್ಳೆ ನಿಲ್ಲಿಸಿ, “ಚೆನ್ನಾಗಿದೆ ಭಾವ. ನಿಜವಾಗ್ಲೂ ಚೆನ್ನಾಗಿದೆ,” ಎಂದ. ದೊರಿಯಾನೊಗೆ ಆ ಮಾತು ಕೇಳಿ ಕಣ್ಣೇ ತುಂಬಿತು. ಬೆವರು ಒರೆಸುವ ನೆಪದಲ್ಲಿ ಅದನ್ನೂ ಒರೆಸಿಕೊಂಡ.

ಹನ್ನೆರಡು ನಲವತ್ತಾರಕ್ಕೆ ಮರಿಯಮ್ಮನ ಗುಡಿ ತಲುಪಿದರು. ಒಂದು ನಿಮಿಷ ಕಾದು, ನಲವತ್ತೇಳಕ್ಕೆ ಸರಿಯಾಗಿ ದೊರಿಯಾನೊ ಫೋನ್ ಮಾಡಿದ.

“ನಾಜರೆನಾ, ಹಾಕು.”

“ಹಾಕಿದೆ,” ಎಂದಿತು ಫೋನು.

ಇಷ್ಟಕ್ಕೇ ಸುಮ್ಮನೆ ಟಾರು ರಸ್ತೆ ಇಳಿದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಭಾನುವಾರ ಮಧ್ಯಾಹ್ನ ಆ ಇಳಿಜಾರಿನಲ್ಲಿ ಗುಡ್ಡದ ಹೋಟೆಲಿಗೆ ಊಟಕ್ಕೆ ಬರುವ ಕಾರುಗಳು ಒಂದೋ ಎರಡೋ ಎದುರಾಗಬಹುದು. ಒಂದೇ ಕಾರಿನ ಲೆಕ್ಕದಲ್ಲಿ ಗೆಲ್ಲುವ ಅವಕಾಶವಿರುವಾಗ ಮೂರರಲ್ಲಿ ಏಕೆ ಗೆಲ್ಲಬೇಕು?

“ಈ ಕಡೆ ಬಾ,” ಎಂದು ಎಡಕ್ಕೆ ತಿರುಗಿಸಿದ. “ಬಿಳಿ ಮಣ್ಣಿನ ದಾರಿ. ಅಷ್ಟೇ ದೂರ. ತೊಂಬತ್ತೊಂದರಲ್ಲಿ ನಾನೇ ಅಳೆದಿದ್ದೀನಿ. ಇಲ್ಲಿ ಇರುವೆ ಕೂಡ ಓಡಾಡಲ್ಲ.”

ಇರುವೆ ಇರಲಿಲ್ಲ. ಮೊದಲ ತಿರುವಿನಲ್ಲಿ ಗೋಧಿ ಕೊಯ್ಯುವ ಯಂತ್ರ ಇತ್ತು. ದಾರಿಯ ಅಗಲಕ್ಕೆ ಅಳತೆ ಕೊಟ್ಟು ಹೊಲಿಸಿದಂತೆ, ಎರಡೂ ಕಡೆಯ ಮುಳ್ಳುಬೇಲಿಯನ್ನು ಸವರುತ್ತ, ನಡಿಗೆಯ ವೇಗದಲ್ಲಿ ಅವರ ಮುಂದೆ ಹೋಗುತ್ತಿತ್ತು. ಸಂಜೆ ಮಳೆ ಬರಬಹುದೆಂದು ರೈತ ಪ್ರಿಮೊ ಭಾನುವಾರವೂ ಬಿಡದೆ ಹೊಲಕ್ಕೆ ಹೊರಟಿದ್ದ. ಕಿವಿಗೆ ಸದ್ದು ತಡೆಯುವ ಮುಚ್ಚಳ ಹಾಕಿಕೊಂಡಿದ್ದ.

ದೊರಿಯಾನೊ ಕೂಗಿದ. ಬೆಲ್ ಬಾರಿಸಿದ. ಪಕ್ಕದಿಂದ ನುಸುಳಲು ಹೋಗಿ ಮುಳ್ಳಿಗೆ ಅಂಗಿ ಕೊಟ್ಟುಬಂದ. ಏಳು ನಿಮಿಷ ಧೂಳು ಕುಡಿದರು.

“ಅದು ಕಾರಲ್ಲ,” ಎಂದು ಎಲ್ವಿಯೊ ಸಮಾಧಾನ ಹೇಳಿದ. “ಒಂದೇ ಸೀಟು. ನೀನೇ ಗೆಲ್ತಾ ಇದ್ದೀಯ ಭಾವ.”

“ಪಾಸ್ತಾ ಕಣೋ, ಪಾಸ್ತಾ! ಅರ್ಧ ಬೆಂದಾಯ್ತು ಅದು.”

ಫೋನ್ ತೆಗೆದ. ಸಿಗ್ನಲ್ ಇಲ್ಲ. ಇರುವೆಯೂ ಓಡಾಡದ ಕಡೆ ಫೋನ್ ಟವರ್ ಯಾರು ಹಾಕುತ್ತಾರೆ?

ಕೊನೆಗೆ ಎಲ್ವಿಯೊ ಪೀಚ್ ಹಣ್ಣಿನ ಬೀಜ ಎಸೆದ. ಅದು ಹೋಗಿ ಪ್ರಿಮೊನ ಟೋಪಿಗೆ ಬಡಿಯಿತು. ಪ್ರಿಮೊ ತಿರುಗಿದ, ಮುಖ ಅರಳಿಸಿದ, ಯಂತ್ರವನ್ನು ದಾರಿಯ ನಡುವೆಯೇ ನಿಲ್ಲಿಸಿ ಕೆಳಗಿಳಿದು ಬಂದ.

“ಅಯ್ಯೋ, ಸರ್ವೇಯರ್ ಸಾಹೇಬರು! ನಮ್ಮ ಬೇಲಿ ಜಗಳ ತೀರಿಸಿದವರು. ನಮ್ಮಪ್ಪ ಸಾಯೋವರೆಗೂ ನಿಮ್ಮನ್ನ ನೆನೀತಿದ್ದ. ಒಂದು ಲೋಟ ವೈನ್ ಕುಡೀದೆ ಹೋಗೋ ಹಾಗಿಲ್ಲ.”

“ಪ್ರಿಮೊ, ಹೆಂಡತಿ ಪಾಸ್ತಾ ಹಾಕಿಬಿಟ್ಟಿದ್ದಾಳೆ.”

“ಹಾಗಾದ್ರೆ ಅರ್ಧ ಲೋಟ.”

ಆ ಸೀಮೆಯಲ್ಲಿ ರೈತ ಕೊಟ್ಟ ವೈನನ್ನು ನಿಂತ ನಿಲುವಿನಲ್ಲಿ ಗಟಗಟ ಕುಡಿದು ಓಡಿದರೆ ಅವನ ಬೆಳೆಯನ್ನೇ ಬೈದಂತೆ. ಗುಟುಕರಿಸಬೇಕು, ತಲೆದೂಗಬೇಕು, ಹೋದ ವರ್ಷದ್ದಕ್ಕಿಂತ ಚೆನ್ನಾಗಿದೆ ಅನ್ನಬೇಕು. ಎಲ್ವಿಯೊ ಎರಡು ಲೋಟ ತಲೆದೂಗಿದ. ದೊರಿಯಾನೊ ಗಡಿಯಾರ ನೋಡುತ್ತ ನಗುವುದನ್ನು ಅಂದು ಕಲಿತ.

ಒಂದು ಗಂಟೆ ಐದು ನಿಮಿಷ. ಹದಿನೆಂಟು ನಿಮಿಷ ಬೆಂದ ಪಾಸ್ತಾ ಹೇಗಿರುತ್ತದೆಂದು ಊಹಿಸಿಕೊಂಡು ಅವನು ಲೋಟ ಕೆಳಗಿಟ್ಟ. ಪ್ರಿಮೊ ಬೇಲಿಯ ಗೇಟು ತೆಗೆದು ಹೊಲದಲ್ಲಿ ದಾರಿ ಬಿಟ್ಟ. ನೂರು ಮೀಟರು ಹೋಗುವುದರೊಳಗೆ ದೊರಿಯಾನೊನ ಹಿಂದಿನ ಗಾಲಿ ಉಸ್ಸೆಂದಿತು. ಬೇಲಿಯ ಮುಳ್ಳು. ಟ್ಯೂಬ್ ಬದಲಾಯಿಸಲು ಕಾಲು ಗಂಟೆ ಬೇಕು. ಹೊಲದ ದಿಣ್ಣೆ ಹತ್ತಿ ನಿಂತಾಗ ಸಿಗ್ನಲ್ ಬಂತು. ಫೋನ್ ಮಾಡಿದ. ರಿಂಗಾಯಿತು, ರಿಂಗಾಯಿತು, ಯಾರೂ ಎತ್ತಲಿಲ್ಲ.

“ಎತ್ತುತ್ತಾ ಇಲ್ಲ. ಹತ್ತೊಂಬತ್ತು ವರ್ಷದಲ್ಲಿ ಮೊದಲನೇ ಸಲ. ಅವಳು ಅಳ್ತಾ ಇರಬೇಕು.”

“ನನ್ನ ತಂಗಿನಾ? ಅಳೋದಾ?” ಎಂದ ಎಲ್ವಿಯೊ. ಆಮೇಲೆ ಭಾವನ ಮುಖ ನೋಡಿ ಮರುಗಿದ. ಬ್ಯಾಟರಿ ಸೈಕಲ್ಲನ್ನು ಮುಂದಕ್ಕೆ ತಳ್ಳಿದ. “ತಗೋ. ನೀನು ಹೋಗು. ನಿನ್ನದನ್ನ ನಾನು ತಳ್ಕೊಂಡು ಬರ್ತೀನಿ.”

ದೊರಿಯಾನೊ ಆ ಯಂತ್ರವನ್ನು ನೋಡಿದ. ಒಂದು ಕಡೆ ಇಡೀ ಜನ್ಮದ ಮರ್ಯಾದೆ, ಇನ್ನೊಂದು ಕಡೆ ಒಂದು ಪಾತ್ರೆ ಪಾಸ್ತಾ. ಕಾಲೆತ್ತಿ ಕೂತ.

ಕೂತ ಮೇಲೆ ಏನಾಯಿತೆಂದು ಅವನು ಈವರೆಗೆ ಯಾರಿಗೂ ಹೇಳಿಲ್ಲ, ಆದರೆ ಹೇಳಿಬಿಡುವುದೇ ಒಳ್ಳೆಯದು. ಅವನಿಗೆ ಅದು ಇಷ್ಟವಾಯಿತು. ಕೋಟೆಗೋಡೆಯ ಏರನ್ನು, ನಾಲ್ಕು ನಿಮಿಷದ ಆ ನರಕವನ್ನು, ಒಂದೂವರೆ ನಿಮಿಷದಲ್ಲಿ ಹತ್ತಿದ. ಬಾರ್ ಮುಂದೆ ಕೂತಿದ್ದ ಗೆಳೆಯರು ಒಟ್ಟಿಗೆ ಎದ್ದು ನಿಂತರು.

“ದೊರಿಯಾನೊ! ಯಾವಾಗಿಂದ ಕಣೋ ಇದು?”

“ಮನೇಲಿ ತುರ್ತು ಕೆಲಸ,” ಎಂದು ಕೂಗಿ ಅವನು ಹಾರಿಹೋದ. ಬಾಯಲ್ಲಿ ಶಿಳ್ಳೆ ಬರುತ್ತಿತ್ತು. ಅದು ತನ್ನದೇ ಶಿಳ್ಳೆ ಎಂದು ಗೊತ್ತಾಗಿ ಗಾಬರಿಯಿಂದ ನಿಲ್ಲಿಸಿದ.

ಒಂದು ಗಂಟೆ ಇಪ್ಪತ್ತೆಂಟು ನಿಮಿಷಕ್ಕೆ ಬೂಟು ಕೂಡ ಬಿಚ್ಚದೆ ಅಡಿಗೆಮನೆಗೆ ನುಗ್ಗಿದ. ಒಲೆಯ ಮೇಲೆ ದೊಡ್ಡ ಪಾತ್ರೆ ಇತ್ತು. ಎದೆ ಗಟ್ಟಿಮಾಡಿಕೊಂಡು ಮುಚ್ಚಳ ತೆಗೆದ. ಒಳಗೆ ನೀರು. ಬರೀ ನೀರು, ಸಣ್ಣಗೆ ಕುದಿಯುತ್ತಿತ್ತು. ಪಾಸ್ತಾದ ಪೊಟ್ಟಣ ಪಕ್ಕದಲ್ಲೇ ಇತ್ತು, ಮೂತಿ ಕೂಡ ಹರಿದಿರಲಿಲ್ಲ.

ನಾಜರೆನಾ ಬಾಲ್ಕನಿಯಲ್ಲಿದ್ದಳು. ಪಕ್ಕದ ಮನೆಯ ಸಂತೀನಾಳ ಜೊತೆ, ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ ಕೂತಿದ್ದಳು. ಕೈಯಲ್ಲಿ ಐಸು ಹಾಕಿದ ಕೆಂಪು ವೆರ್ಮುತ್ ವೈನ್. ಮುಂದೆ ಮಸಾಲೆಯ ಹಸಿರು ಆಲಿವ್, ಅದರಲ್ಲಿ ಬೀಜಗಳೇ ಹೆಚ್ಚು ಉಳಿದಿದ್ದವು.

“ಬಂದ್ಯಾ? ಹೋಗು, ಸ್ನಾನ ಮಾಡ್ಕೊಂಡು ಬಾ. ಪಾಸ್ತಾ ಹಾಕ್ತೀನಿ.”

“ಹಾಕಿದೆ ಅಂದ್ಯಲ್ಲ? ಹನ್ನೆರಡು ನಲವತ್ತೇಳಕ್ಕೆ?”

“ಅಂದೆ.”

“ಫ್ರಿಜ್ಜಿನ ಮೇಲೆ ಲೆಕ್ಕ ಬರೆದಿದ್ದೀನಲ್ಲ? ಹದಿಮೂರು ನಿಮಿಷ?”

“ಬರೆದಿದ್ದೀಯ. ಇಳಿಜಾರು ಬರೆದೆ, ಹೊಳೆ ಬರೆದೆ, ಬೂಟು ಬರೆದೆ. ಬಂದಮೇಲೆ ಸ್ನಾನಕ್ಕೆ ಹೋಗಿ ಕಾಲು ಗಂಟೆ ಹಾಡ್ತೀಯಲ್ಲ, ಅದನ್ನ ಬರೀಲೇ ಇಲ್ಲ. ಮೊದಲನೇ ಭಾನುವಾರ ನಿನ್ನ ಮಾತು ಕೇಳಿ ಹಾಕಿದೆ. ಅಂಟಾಯ್ತು, ಸದ್ದಿಲ್ಲದೆ ಚೆಲ್ಲಿದೆ. ಅವತ್ತಿಂದ ನೀನು ನಲ್ಲಿ ತಿರುಗಿಸಿದ ಸದ್ದಾದ ಮೇಲೇ ಹಾಕೋದು.”

ದೊರಿಯಾನೊ ಬಾಗಿಲಿಗೆ ಒರಗಿದ. ಹತ್ತೊಂಬತ್ತು ವರ್ಷದ ವಿಜ್ಞಾನ ಅಷ್ಟೂ ಬಚ್ಚಲಿನ ತೂಬಿನಲ್ಲಿ ಹರಿದುಹೋಯಿತು. ಆದರೂ ಒಂದು ಮಾತು ಉಳಿದಿತ್ತು.

“ಮತ್ತೆ ಪ್ರತಿ ವಾರ ಫೋನ್ ಎತ್ತಿ ಹಾಕಿದೆ ಹಾಕಿದೆ ಅಂತಿದ್ಯಲ್ಲ, ಯಾಕೆ?”

ನಾಜರೆನಾ ಸಂತೀನಾಳ ಮುಖ ನೋಡಿದಳು. ಸಂತೀನಾ ಒಂದು ಆಲಿವ್ ಬಾಯಿಗೆ ಹಾಕಿಕೊಂಡು ಬೀದಿ ನೋಡತೊಡಗಿದಳು.

“ನಿನಗೆ ಕಾರಿಲ್ಲದ ರಸ್ತೆ ಹೇಗೋ, ನನಗೆ ಆ ಹದಿಮೂರು ನಿಮಿಷ ಹಾಗೆ. ನೀನು ಫೋನ್ ಮಾಡಿದ ಕೂಡಲೇ ಸಂತೀನಾನ ಕರೀತೀನಿ, ಇಬ್ಬರೂ ಇಲ್ಲಿ ಕೂತ್ಕೋತೀವಿ. ವಾರಕ್ಕೆ ಅಷ್ಟೇ ನಮಗೆ ಸಿಗೋದು,” ಎಂದಳು ನಾಜರೆನಾ. ಆಮೇಲೆ ಗ್ಲಾಸಿನ ತಳದ ಐಸು ಅಲ್ಲಾಡಿಸಿ ತುಂಬ ಅಕ್ಕರೆಯಿಂದ ಗಂಡನ ಕಡೆ ತಿರುಗಿದಳು. “ಇವತ್ತು ನಲವತ್ತೊಂದು ನಿಮಿಷ ಸಿಕ್ತು. ಯಾವ ದಾರೀಲಿ ಬಂದ್ಯೋ ಗೊತ್ತಿಲ್ಲ. ಇನ್ಮೇಲೆ ಪ್ರತಿ ಭಾನುವಾರ ಅದರಲ್ಲೇ ಬಾ.”